ಒಂದೇ ಇಸವಿಯ ಎರಡು ಒಂಬತ್ತು

ಅಪ್ಪ ಮುಂಬೈಯ ಮಾಟುಂಗಾದ ಒಂದು ಉಡುಪಿ ಹೋಟೆಲಿನ ಗಲ್ಲಾದಲ್ಲಿ ಮೂವತ್ತೆರಡು ವರ್ಷ ಕೂತಿದ್ದರು. ಗಿರಾಕಿ ಚಿಲ್ಲರೆ ಹಾಕಿದಾಗ ಅವರು ನಾಣ್ಯದ ಕಡೆ ನೋಡುತ್ತಲೇ ಇರಲಿಲ್ಲ. ಬಾಯಿ ಗಿರಾಕಿಯ ಜೊತೆ ಮಾತಾಡುತ್ತಿತ್ತು, ಕಿವಿ ಕಲ್ಲಿನ ಮೇಜಿನ ಮೇಲಿರುತ್ತಿತ್ತು. ಸದ್ದು ಸರಿಯಿಲ್ಲ ಅಂದರೆ ಬೆರಳು ತಾನಾಗಿ ಹೋಗಿ ಆ ನಾಣ್ಯವನ್ನು ಹಿಡಿಯುತ್ತಿತ್ತು. ಚಿಕ್ಕವಳಿದ್ದಾಗ ಪಕ್ಕದ ಸ್ಟೂಲಿನ ಮೇಲೆ ಕೂತು ನಾನು ಅದನ್ನೇ ನೋಡುತ್ತಿದ್ದೆ.

ಅವರು ತೀರಿಕೊಂಡ ಮೇಲೆ ಡೊಂಬಿವಲಿಯ ನಮ್ಮ ಮನೆಗೆ ಅವರ ಟ್ರಂಕು ಬಂತು. ಅದರ ತಳದಲ್ಲಿ ಬಿಸ್ಕತ್ತಿನ ಒಂದು ತಗಡಿನ ಡಬ್ಬಿ. ಒಳಗೆ 212 ನಾಣ್ಯಗಳು. ದೀಪಾವಳಿಯ ಲಕ್ಷ್ಮೀಪೂಜೆಗೆ ಹೋಟೆಲಿನ ಮಾಲೀಕರು ಕೆಲಸದವರಿಗೆ ಕೊಡುತ್ತಿದ್ದ ಬೆಳ್ಳಿ ರೂಪಾಯಿ ಕೆಲವು. ಕುಂದಾಪುರದಲ್ಲಿ ಅಜ್ಜಿಯ ಗಂಟಿನಿಂದ ಬಂದದ್ದು ಕೆಲವು. ಶುಕ್ರವಾರ ಚೋರ್ ಬಜಾರಿಗೆ ಹೋಗಿ ಅಪ್ಪನೇ ಆರಿಸಿ ತಂದದ್ದು ಇನ್ನು ಕೆಲವು. ಯಾವುದು ಎಲ್ಲಿಂದ ಬಂತು, ಎಷ್ಟಕ್ಕೆ ಬಂತು ಅಂತ ಡಬ್ಬಿಯಲ್ಲಿ ಒಂದು ಚೀಟಿಯೂ ಇರಲಿಲ್ಲ.

ಡಬ್ಬಿಯ ಸುದ್ದಿ ಕೇಳಿದ ಕೂಡಲೇ ಸಂಬಂಧಿಕರು ಮೊಬೈಲಿಗೆ ವಿಡಿಯೋ ಕಳಿಸತೊಡಗಿದರು. ವೈಷ್ಣೋದೇವಿ ಚಿತ್ರದ ಐದು ರೂಪಾಯಿಗೆ ಲಕ್ಷಗಟ್ಟಲೆ ಸಿಗುತ್ತದೆ ಅನ್ನುವಂಥವು. ಆ ನಾಣ್ಯ ಬಂದಿದ್ದು 2012ರಲ್ಲಿ, ಮೊನ್ನೆ ಮೊನ್ನೆ. ಮುಂಬೈಯಲ್ಲಿ ತರಕಾರಿಯವನ ಹತ್ತಿರವೂ ಚಿಲ್ಲರೆಯಲ್ಲಿ ಬರುತ್ತದೆ. ಆದರೂ ನಾನು ಒಂದು ನಂಬರಿಗೆ ಫೋನ್ ಮಾಡಿದೆ. ಆ ಕಡೆಯವರು ತುಂಬಾ ಮರ್ಯಾದೆಯಿಂದ ಮಾತಾಡಿದರು. ನಮ್ಮ ನಾಣ್ಯಗಳಿಗೆ ಎಂಟು ಲಕ್ಷ ಅಂದರು. ಆಮೇಲೆ ನೋಂದಣಿಗೆ ಅಂತ 2,500 ರೂಪಾಯಿ ಮೊದಲೇ ಕಳಿಸಬೇಕು, ರಿಸರ್ವ್ ಬ್ಯಾಂಕಿನ ನಿಯಮ ಅಂದರು. ಅಲ್ಲಿಗೆ ನನಗೆ ಅರ್ಥವಾಯಿತು. ಹಳೆಯ ನಾಣ್ಯ, ನೋಟಿನ ವ್ಯಾಪಾರದಲ್ಲಿ ನಮ್ಮ ಪಾತ್ರವಿಲ್ಲ, ನಾವು ಯಾರಿಂದಲೂ ಶುಲ್ಕ, ಕಮಿಷನ್ ಕೇಳುವುದಿಲ್ಲ ಅಂತ ರಿಸರ್ವ್ ಬ್ಯಾಂಕು 2021ರಲ್ಲೇ ಪ್ರಕಟಣೆ ಕೊಟ್ಟಿತ್ತು. ಕೊಳ್ಳುವವನು ನಮಗೆ ದುಡ್ಡು ಕೊಡಬೇಕು ಅಲ್ವಾ? ನಮ್ಮಿಂದಲೇ ಮೊದಲು ಕೇಳಿದರೆ ಅವನು ಕೊಳ್ಳುವವನಲ್ಲ.

ಬೆಲೆಯ ವಿಷಯ ಬಿಟ್ಟು ಮೊದಲು ಏನಿದೆ ಅಂತ ನೋಡೋಣ ಅಂತ ಕೂತೆ. ಅಡುಗೆಮನೆಯ ಮೇಜಿನ ಮೇಲೆ ಹಳೆಯ ಬಿಳಿ ಪಂಚೆ ಹಾಸಿದೆ. ಅರ್ಧಕ್ಕಿಂತ ಜಾಸ್ತಿ ನಾಣ್ಯಗಳು ಸ್ವಾತಂತ್ರ್ಯ ಬಂದ ಮೇಲಿನವು. ಆರು ಮೂಲೆಯ ಅಲ್ಯೂಮಿನಿಯಂ ಮೂರು ಪೈಸೆ, ಕಮಲದ ಹಿತ್ತಾಳೆ ಇಪ್ಪತ್ತು ಪೈಸೆ, 1957ರ ‘ನಯಾ ಪೈಸೆ’. ಇವು ಕೋಟಿಗಟ್ಟಲೆ ಅಚ್ಚಾದವು, ಇವತ್ತಿಗೂ ಸುಲಭವಾಗಿ ಸಿಗುತ್ತವೆ. ಇಸವಿಯ ಕೆಳಗೆ ವಜ್ರದ ಆಕಾರ ಇದ್ದರೆ ನಮ್ಮ ಮುಂಬೈ ಟಂಕಸಾಲೆ, ನಕ್ಷತ್ರ ಇದ್ದರೆ ಹೈದರಾಬಾದ್, ದುಂಡು ಚುಕ್ಕಿ ಇದ್ದರೆ ನೋಯ್ಡಾ, ಏನೂ ಇಲ್ಲದಿದ್ದರೆ ಕೋಲ್ಕತ್ತಾ. ಮಗಳು ಅದನ್ನೇ ಆಟ ಮಾಡಿಕೊಂಡು ಬೇರೆ ಬೇರೆ ಬಟ್ಟಲಿಗೆ ಹಾಕಿದಳು. ನಡುವೆ ತೂತಿರುವ ತಾಮ್ರದ ಕಾಸೂ ಹನ್ನೊಂದು ಸಿಕ್ಕವು. ನಮ್ಮೂರ ಕಡೆ ಅದಕ್ಕೆ ಒಟ್ಟೆ ಮುಕ್ಕಾಲು ಅನ್ನುತ್ತಿದ್ದರು. ಯುದ್ಧದ ಕಾಲದಲ್ಲಿ, 1943ರಿಂದ, ಬಂದ ನಾಣ್ಯ ಅದು.

ಕೊನೆಗೆ ಉಳಿದದ್ದು 27 ಬೆಳ್ಳಿ ರೂಪಾಯಿ. ನನ್ನ ಮನಸ್ಸು ನಿಂತಿದ್ದು ಅಲ್ಲೇ.

ಅಜ್ಜಿ ಅಡುಗೆ ಹೇಳಿಕೊಡುವಾಗ ‘ಒಂದು ರೂಪಾಯಿ ತೂಕ ಜೀರಿಗೆ’ ಅನ್ನುತ್ತಿದ್ದರು. ನಾನು ಅದನ್ನು ಒಂದು ರೂಪಾಯಿಗೆ ಬರುವಷ್ಟು ಜೀರಿಗೆ ಅಂದುಕೊಂಡಿದ್ದೆ. ಬೆಳ್ಳಿ ರೂಪಾಯಿಯ ತೂಕ ಸರಿಯಾಗಿ 180 ಗ್ರೇನು, ಅಂದರೆ 11.66 ಗ್ರಾಂ. ಅದೇ ಒಂದು ತೊಲ. ರೂಪಾಯಿಯನ್ನೇ ತಕ್ಕಡಿಯಲ್ಲಿ ತೂಕದ ಕಲ್ಲಾಗಿ ಇಟ್ಟು ಜನ ತೂಗುತ್ತಿದ್ದರು. ಅಂದಮೇಲೆ ಅಸಲಿ ನಾಣ್ಯದ ಮೊದಲ ಸಾಕ್ಷಿ ತೂಕವೇ.

ನೂರನೇ ಒಂದು ಗ್ರಾಂ ತನಕ ತೋರಿಸುವ ಪುಟ್ಟ ಡಿಜಿಟಲ್ ತಕ್ಕಡಿ ತರಿಸಿದೆ. ಒಂದೊಂದೇ ಇಟ್ಟೆ. 11.62, 11.58, 11.64. ತುಂಬಾ ಕೈ ಬದಲಿಸಿ ಸವೆದವು 11.4ರ ತನಕ ಇಳಿದಿದ್ದವು, ಅದು ಸಹಜ. ಒಂದು ಮಾತ್ರ 10.12 ತೋರಿಸಿತು. ವಿಕ್ಟೋರಿಯಾ ರಾಣಿಯ ರೂಪಾಯಿ, ಇಸವಿ 1862. ರಾಣಿಯ ಕಿರೀಟ, ಸೆರಗಿನ ಹೂವು ಎಲ್ಲ ಚೆನ್ನಾಗಿ ಕಾಣುತ್ತಿದ್ದವು. ಮುಖ ಅಷ್ಟು ಸವೆದಿಲ್ಲದೆ ಒಂದೂವರೆ ಗ್ರಾಂ ಎಲ್ಲಿಗೆ ಹೋಯಿತು?

ಆಗ ನೀರಿನ ಪರೀಕ್ಷೆ ಮಾಡಿದೆ. ತಕ್ಕಡಿಯ ಮೇಲೆ ಅರ್ಧ ಲೋಟ ನೀರಿಟ್ಟು ಸೊನ್ನೆ ಮಾಡಬೇಕು. ನಾಣ್ಯಕ್ಕೆ ತೆಳು ದಾರ ಕಟ್ಟಿ ನೀರಿನಲ್ಲಿ ಪೂರ್ತಿ ಮುಳುಗಿಸಬೇಕು. ತಳಕ್ಕೂ ಗೋಡೆಗೂ ತಾಗಬಾರದು. ಗುಳ್ಳೆ ಅಂಟಿಕೊಂಡಿರಬಾರದು. ಆಗ ತಕ್ಕಡಿ ತೋರಿಸುವ ಅಂಕಿ ನಾಣ್ಯ ಪಕ್ಕಕ್ಕೆ ತಳ್ಳಿದ ನೀರಿನದು. ಒಣ ತೂಕವನ್ನು ಆ ಅಂಕಿಯಿಂದ ಭಾಗಿಸಿದರೆ ಲೋಹದ ಸಾಂದ್ರತೆ ಸಿಗುತ್ತದೆ. ನೂರಕ್ಕೆ 91.7 ಪಾಲು ಬೆಳ್ಳಿಯಿರುವ ಹಳೆಯ ರೂಪಾಯಿಗೆ ಅದು 10.3ರ ಆಸುಪಾಸು ಬರಬೇಕು. ಒಳ್ಳೆಯ ನಾಣ್ಯ 1.13 ತೋರಿಸಿತು. ಲೆಕ್ಕ ಸರಿಯಾಗಿ ಕೂತಿತು. ಆ ರಾಣಿ ರೂಪಾಯಿ 1.20 ತೋರಿಸಿತು. ಭಾಗಿಸಿದರೆ 8.4. ಅದು ಬೆಳ್ಳಿಯಲ್ಲ. ಮೇಲೆ ಬಿಳಿ ಲೇಪ, ಒಳಗೆ ಹಿತ್ತಾಳೆಯಂಥದ್ದು ಏನೋ.

1944ರ ಒಂದು ರೂಪಾಯಿ 1.22 ತೋರಿಸಿದಾಗ ಎದೆ ಧಸಕ್ಕೆಂದಿತು. ಅದೂ ಖೋಟಾ ಅಂದುಕೊಂಡೆ. ಆಮೇಲೆ ಓದಿ ತಿಳಿಯಿತು. ಯುದ್ಧಕ್ಕೆ ಬೆಳ್ಳಿ ಸಾಲದೆ 1940ರಿಂದ ರೂಪಾಯಿಯಲ್ಲಿ ಬೆಳ್ಳಿಯನ್ನು ಅರ್ಧಕ್ಕೆ ಇಳಿಸಿದರು. ಉಳಿದರ್ಧ ತಾಮ್ರ, ನಿಕ್ಕಲ್, ಸತು. ಅದಕ್ಕೆ 9.5 ಬರುವುದೇ ಸರಿ. ಅದರ ಹಿಂಬದಿಯಲ್ಲಿ ಪುಟ್ಟದಾಗಿ ‘ಎಲ್’ ಅಂತ ಇತ್ತು. ಲಾಹೋರಿನ ಗುರುತು ಅದು, ಯುದ್ಧಕಾಲದಲ್ಲಿ ಅಲ್ಲೂ ಟಂಕಸಾಲೆ ಇತ್ತು. ಅದು ಬಿಸ್ಕತ್ತಿನ ಡಬ್ಬಿಯಲ್ಲಿ ಡೊಂಬಿವಲಿಗೆ ಬಂದು ಕೂತಿತ್ತು. ಅದನ್ನು ಕೆಳಗಿಡಲು ನನಗೆ ತುಂಬಾ ಹೊತ್ತು ಹಿಡಿಯಿತು.

ಎರಡು ತಿಂಗಳಲ್ಲಿ ನನಗೆ ಧೈರ್ಯ ಬಂತು. ತಕ್ಕಡಿ ಇದೆ, ಲೋಟ ಇದೆ, ಇನ್ನೇನು ಬೇಕು ಅನಿಸಿತು. ಕಫ್ ಪರೇಡಿನ ವರ್ಲ್ಡ್ ಟ್ರೇಡ್ ಸೆಂಟರಿನಲ್ಲಿ ನಡೆದ ನಾಣ್ಯ ಮೇಳಕ್ಕೂ ಹೋಗಿ ಬಂದೆ. ಆಮೇಲೊಂದು ದಿನ ಬಜಾರಿನಲ್ಲಿ ಒಬ್ಬರ ಹತ್ತಿರ ಆರನೇ ಜಾರ್ಜ್‌ನ 1939ರ ರೂಪಾಯಿ ಕಂಡೆ. ಬೆಳ್ಳಿ ರೂಪಾಯಿ ಕೂಡಿಡುವವರ ಬಾಯಲ್ಲಿ ಈ ಇಸವಿ ಬಂದರೆ ಸ್ವರವೇ ಬದಲಾಗುತ್ತದೆ. 1938ರದ್ದು ಬೇಕಾದಷ್ಟಿದೆ. 1939ರದ್ದು ಕೈಗೆ ಸಿಗುವುದೇ ಕಷ್ಟ. ಅವರು ಹೇಳಿದ ಬೆಲೆ, ಆ ನಾಣ್ಯಕ್ಕೆ ಇರಬೇಕಾದ ಬೆಲೆಗಿಂತ ತುಂಬಾ ಕಡಿಮೆ. ಮನೆಯಲ್ಲಿ ಕಷ್ಟ, ಅದಕ್ಕೇ ಮಾರುತ್ತಿದ್ದೇನೆ ಅಂದರು. ಬೆರಳ ತುದಿಯಲ್ಲಿಟ್ಟು ಇನ್ನೊಂದು ನಾಣ್ಯದಿಂದ ತಟ್ಟಿದೆ. ಉದ್ದಕ್ಕೆ ಗುಂಯ್ ಅಂದಿತು. ಪರ್ಸಿನಲ್ಲಿದ್ದ ತಕ್ಕಡಿ ತೆಗೆದು ಅಲ್ಲೇ ತೂಗಿದೆ. 11.65. ಹನ್ನೆರಡು ಸಾವಿರ ಕೊಟ್ಟು ತಂದೆ. ಮನೆಗೆ ಬಂದು ನೀರಿನಲ್ಲಿ ಮುಳುಗಿಸಿದೆ. 1.13. ಆ ರಾತ್ರಿ ಅಪ್ಪನ ಫೋಟೋದ ಮುಂದೆ ಇಟ್ಟು ಕೈ ಮುಗಿದೆ.

ಫೋರ್ಟಿನಲ್ಲಿ ನಲವತ್ತು ವರ್ಷದಿಂದ ನಾಣ್ಯದ ವ್ಯಾಪಾರ ಮಾಡುವ ಒಬ್ಬ ಗುಜರಾತಿ ಹಿರಿಯರ ಪರಿಚಯ ಮೇಳದಲ್ಲಿ ಆಗಿತ್ತು. ಒಂದು ಶನಿವಾರ ಡಬ್ಬಿ ತೆಗೆದುಕೊಂಡು ಅವರಲ್ಲಿಗೆ ಹೋದೆ. 1939ರದ್ದನ್ನು ಎಲ್ಲಕ್ಕಿಂತ ಮೊದಲು ಕೊಟ್ಟೆ. ಅವರು ಮುಖ ನೋಡಲಿಲ್ಲ. ಎರಡು ಬೆರಳಲ್ಲಿ ಅಂಚು ಹಿಡಿದು, ಕಿಟಕಿಯ ಬೆಳಕಿಗೆ ಓರೆ ಮಾಡಿ, ನಿಧಾನಕ್ಕೆ ಒಂದು ಸುತ್ತು ತಿರುಗಿಸಿದರು. ಆಮೇಲೆ ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಮಸೂರವನ್ನು ನನ್ನ ಕೈಗೇ ಕೊಟ್ಟರು.

“ಇಸವಿಯಲ್ಲಿ ಎರಡು ಒಂಬತ್ತು ಇದೆ. ಎರಡನ್ನೂ ನೋಡಿ,” ಅಂದರು.

ನೋಡಿದೆ. ಮೊದಲ ಒಂಬತ್ತಿನ ಬಾಲ ಸಲೀಸಾಗಿ ಬಾಗಿ ತೆಳ್ಳಗೆ ಮುಗಿಯುತ್ತಿತ್ತು. ಕೊನೆಯ ಒಂಬತ್ತಿನ ಬಾಲ ದಪ್ಪ, ಒಳಕ್ಕೆ ದುಂಡಗೆ ತಿರುಗಿತ್ತು. ಅದರ ಎಡಕ್ಕೆ ಲೋಹ ಒಂದಿಷ್ಟು ತಗ್ಗಾಗಿತ್ತು, ಕೂದಲಿನಷ್ಟು ಸಣ್ಣ ಗೀರುಗಳಿದ್ದವು. ಅಲ್ಲಿ ಒಂದು ಕಾಲದಲ್ಲಿ ಎಂಟು ಇತ್ತು. ಅದರ ಕೆಳಗಿನ ಎಡ ಹೊಟ್ಟೆಯನ್ನು ಯಾರೋ ಕೆತ್ತಿ ತೆಗೆದಿದ್ದರು.

1938ರ ಅಸಲಿ ರೂಪಾಯಿ ಅದು. ಬೆಳ್ಳಿ ಅಸಲಿ, ತೂಕ ಅಸಲಿ, ಸದ್ದು ಅಸಲಿ, ಅಚ್ಚು ಅಸಲಿ. ಸುಳ್ಳಿದ್ದದ್ದು ಒಂದು ಅಂಕಿಯ ಅರ್ಧದಲ್ಲಿ. ನನ್ನ ತಕ್ಕಡಿಗೆ, ನೀರಿಗೆ ಅದನ್ನು ಹಿಡಿಯಲು ಸಾಧ್ಯವೇ ಇರಲಿಲ್ಲ. ದುಃಖಕ್ಕಿಂತ ಜಾಸ್ತಿ ನನಗೆ ಕೋಪ ಬಂತು. ಚೆನ್ನಾಗಿದ್ದ ನಾಣ್ಯವನ್ನು ಹಾಳು ಮಾಡಿದ್ದರು. 1938ರದ್ದೇ ಆಗಿ ಅದು ಇನ್ನೂ ನೂರು ವರ್ಷ ಬಾಳಬಹುದಿತ್ತು. ಬಜಾರಿಗೆ ವಾಪಸ್ ಹೋದೆ. ಮಾರಿದವರು ನಾಣ್ಯ ಬದಲಾಗಿದೆ, ಇದು ನಾನು ಕೊಟ್ಟದ್ದಲ್ಲ ಅಂದುಬಿಟ್ಟರು. ಬಿಲ್ಲು ನಾನು ಕೇಳಿರಲಿಲ್ಲ.

ಆಮೇಲಿನ ಐದು ಶನಿವಾರ ನಾನು ಆ ಹಿರಿಯರ ಅಂಗಡಿಯಲ್ಲಿ ಕಳೆದೆ. ಡೊಂಬಿವಲಿಯಿಂದ ಫಾಸ್ಟ್ ಲೋಕಲ್ ಹಿಡಿದು ಸಿಎಸ್ಎಂಟಿಗೆ ಬಂದು ನಡೆದು ಹೋಗುತ್ತಿದ್ದೆ. ಅವರು ಕಲಿಸಿದ ರೀತಿ ನನಗೆ ಮೊದಲು ವಿಚಿತ್ರ ಅನಿಸಿತು. ಖೋಟಾ ನಾಣ್ಯ ಒಂದನ್ನೂ ತೋರಿಸಲಿಲ್ಲ. ಒಂದು ತಟ್ಟೆ ತುಂಬ ಸಾಧಾರಣ, ಸವಕಲು, ಅಸಲಿ ರೂಪಾಯಿಗಳನ್ನು ಮುಂದಿಟ್ಟು, “ಸುಮ್ನೆ ಹಿಡಿದು ನೋಡ್ತಾ ಇರಿ” ಅಂದರು. ಏಳನೇ ಎಡ್ವರ್ಡ್‌ನ ಬೋಳು ತಲೆ. ಐದನೇ ಜಾರ್ಜ್‌ನ ಹೆಗಲ ಮೇಲಿನ ನಿಲುವಂಗಿ. ಅಂಚಿನ ಹಲ್ಲುಗಳು ಒಂದೇ ಅಂತರದಲ್ಲಿ, ಉಗುರಿಗೆ ಒಂದೇ ಸಮನೆ ಸಿಗುತ್ತವೆ. ಅಕ್ಷರಗಳು ನಾಣ್ಯದ ಮೈಯಿಂದ ನೇರವಾಗಿ ಎದ್ದು ನಿಲ್ಲುತ್ತವೆ. ಸವೆದ ನಾಣ್ಯದಲ್ಲಿ ಎತ್ತರದ ಜಾಗ ಮೊದಲು ಸವೆಯುತ್ತದೆ. ಕೆನ್ನೆ, ಕಿವಿಯ ಮೇಲಿನ ಕೂದಲು, ಕಿರೀಟದ ತುದಿ. ತಗ್ಗಿನ ಜಾಗ ಸವೆದು ಎತ್ತರದ ಜಾಗ ಹೊಸದಾಗಿದ್ದರೆ ಅದು ಜನರ ಕೈಯಲ್ಲಿ ಓಡಾಡಿದ ನಾಣ್ಯವಲ್ಲ.

ಮೂರನೇ ಶನಿವಾರ ಅವರು ಮಾತಾಡುತ್ತಲೇ ತಟ್ಟೆಯಲ್ಲಿ ಒಂದು ಬಿಲ್ಲೆ ಸೇರಿಸಿದ್ದರು. ನನಗೆ ಗೊತ್ತಿರಲಿಲ್ಲ. ಹಿಡಿದ ಕೂಡಲೇ ಬೆರಳು ನಿಂತಿತು. ಕಣ್ಣಿಗಿಂತ ಮೊದಲು ಬೆರಳಿಗೆ ಗೊತ್ತಾಯಿತು, ಸಾಬೂನಿನ ಹಾಗೆ ನುಣುಪು ಅಂತ. ಅಂಚಿನ ನಡುವೆ ಸುತ್ತಲೂ ಒಂದು ತೆಳು ಗೆರೆ. ಎರಡು ಅಚ್ಚು ಜೋಡಿಸಿ ಎರಕ ಹೊಯ್ದ ಗುರುತು ಅದು. ಮಸೂರದಲ್ಲಿ ನೋಡಿದರೆ ಮೈಯೆಲ್ಲ ಸೂಜಿಮೊನೆಯಂಥ ಗುಂಡಿ, ಲೋಹ ಆರುವಾಗ ಗುಳ್ಳೆ ಒಡೆದದ್ದು. ಟಂಕಸಾಲೆಯಲ್ಲಿ ನಾಣ್ಯ ಎರಕ ಹೊಯ್ಯುವುದಿಲ್ಲ, ಬಿಲ್ಲೆಯನ್ನು ಎರಡು ಅಚ್ಚಿನ ನಡುವೆ ಇಟ್ಟು ಒತ್ತುತ್ತಾರೆ. ಅದಕ್ಕೇ ಅಸಲಿಯ ಅಕ್ಷರಕ್ಕೆ ಅಷ್ಟು ಮೊನಚು. ಅಪ್ಪನ ಡಬ್ಬಿಯ 1862ರ ರಾಣಿಯೂ ಎರಕದ್ದೇ. ಅಂಚಿನ ಗೆರೆ ಅಲ್ಲೇ ಇತ್ತು, ನಾನು ಆರು ತಿಂಗಳಿಂದ ಮುಖವನ್ನೇ ನೋಡುತ್ತಾ ಕೂತಿದ್ದೆ.

ಅಪ್ಪನ ಕಿವಿ ಹೇಗೆ ಕೆಲಸ ಮಾಡುತ್ತಿತ್ತು ಅಂತ ಆ ದಿನ ನನಗೆ ತಿಳಿಯಿತು. ಅವರು ಖೋಟಾ ನಾಣ್ಯ ಕಲಿತವರಲ್ಲ. ದಿನಕ್ಕೆ ಸಾವಿರ ಸಲ ಒಳ್ಳೆಯ ನಾಣ್ಯದ ಸದ್ದು ಕೇಳಿದವರು.

ಬೆಲೆಯ ಮಾತು ಆಮೇಲೆ ಬಂತು. ಹಳೆಯದು ಅಂದ ಮಾತ್ರಕ್ಕೆ ಬೆಲೆ ಬರುವುದಿಲ್ಲ. 1862 ಅಂತ ಇರುವ ರೂಪಾಯಿಯನ್ನು 1874ರ ತನಕ ಅದೇ ಇಸವಿ ಹಾಕಿ ಅಚ್ಚು ಮಾಡಿದರು, ಹಾಗಾಗಿ ಅಸಲಿಯೂ ರಾಶಿ ರಾಶಿ ಸಿಗುತ್ತದೆ. 1911ರ ರೂಪಾಯಿಯ ಕಥೆ ಬೇರೆ. ಐದನೇ ಜಾರ್ಜ್‌ನ ನಿಲುವಂಗಿಯ ಮೇಲಿನ ಆನೆಯ ಸೊಂಡಿಲು ಮೋಟಾಗಿ ಕಾಣಿಸಿ ಜನ ಅದನ್ನು ಹಂದಿ ಅಂದರು. ಗಲಾಟೆಯಾಗಿ ಸರ್ಕಾರ ಹಂಚದೆ ಉಳಿದದ್ದನ್ನು ಕರಗಿಸಿತು, 1912ರಿಂದ ಸೊಂಡಿಲು ತಿದ್ದಿತು. ಅದನ್ನು ಜನ ಹುಡುಕಿ ಕೊಳ್ಳುತ್ತಾರೆ. ನಮ್ಮ ಡಬ್ಬಿಯಲ್ಲಿದ್ದದ್ದು 1913. ಮಸೂರ ಹಿಡಿದು ನೋಡಿದೆ, ಸೊಂಡಿಲು ಉದ್ದಕ್ಕೆ ಇದೆ. ಸಾಧಾರಣ ಇಸವಿಯ ಇಂಥ ರೂಪಾಯಿಗೆ ಅದರೊಳಗಿನ ಹತ್ತೂವರೆ ಗ್ರಾಮಿಗಿಂತ ತುಸು ಜಾಸ್ತಿ ಬೆಳ್ಳಿಯೇ ಆಧಾರ. ಅದರ ಮೇಲೆ ಎಷ್ಟು ಸಿಗುತ್ತದೆ ಅನ್ನುವುದು ನಾಣ್ಯದ ಸ್ಥಿತಿ ನೋಡಿ.

ಸ್ಥಿತಿಯ ಮಾತಿಗೆ ಬಂದಾಗ ನನಗೆ ಬೇಜಾರಾಯಿತು. ಅಮ್ಮ ಪ್ರತಿ ದೀಪಾವಳಿಗೆ ಈ ರೂಪಾಯಿಗಳನ್ನು ಹುಣಸೆಹಣ್ಣು, ವಿಭೂತಿ ಹಾಕಿ ಉಜ್ಜಿ ಫಳಫಳ ಮಾಡುತ್ತಿದ್ದಳು. ಪೂಜೆಗೆ ಇಡುವುದನ್ನು ಕೊಳಕಾಗಿ ಇಡಬಾರದು ಅಂತ ಅವಳ ಭಾವನೆ, ಅದು ತಪ್ಪಲ್ಲ. ಆದರೆ ಬೆಳ್ಳಿಯ ಮೇಲೆ ವರ್ಷಗಟ್ಟಲೆ ಕೂತ ಬೂದುನೀಲಿ ಬಣ್ಣವೇ ಅದರ ವಯಸ್ಸಿಗೆ ಸಾಕ್ಷಿ. ಉಜ್ಜಿದರೆ ಅದು ಹೋಗುತ್ತದೆ, ಸಣ್ಣ ಗೀರು ಉಳಿಯುತ್ತದೆ, ಮತ್ತೆ ಬರುವುದಿಲ್ಲ. ಹದಿನಾಲ್ಕು ನಾಣ್ಯಕ್ಕೆ ಹಾಗಾಗಿತ್ತು. ಈಗ ನಾನು ಧೂಳಿದ್ದರೆ ಬರೀ ನೀರಿನಲ್ಲಿ ಅದ್ದಿ, ಒರೆಸದೆ, ಹತ್ತಿ ಬಟ್ಟೆಯ ಮೇಲಿಟ್ಟು ಆರಲು ಬಿಡುತ್ತೇನೆ, ಅಷ್ಟೇ.

ಅಮ್ಮನ ದೇವರ ಗೂಡಿನಲ್ಲಿ ರಾಮ, ಸೀತೆ, ಹನುಮಂತನ ಚಿತ್ರ, ಹಿಂದೆ ಈಸ್ಟ್ ಇಂಡಿಯಾ ಕಂಪನಿ, 1818 ಅಂತ ಇರುವ ಒಂದು ಬಿಲ್ಲೆಯೂ ಇತ್ತು. ಇದಕ್ಕೂ ಲಕ್ಷದ ವಿಡಿಯೋಗಳಿವೆ. ಕಂಪನಿ ಇಂಥ ನಾಣ್ಯ ಹೊರಡಿಸಲೇ ಇಲ್ಲ. ಮದ್ರಾಸಿನಲ್ಲಿ ವಿಷ್ಣುವಿನ ಚಿತ್ರವಿದ್ದ ಚಿನ್ನದ ವರಾಹ ಹೊರಡಿಸಿದ್ದು ನಿಜ, ಆದರೆ ಈ ರಾಮನ ಬಿಲ್ಲೆ ಪೂಜೆಗೆಂದು ಆಮೇಲೆ ಮಾಡಿದ್ದು. ಅದು ದೇವರ ಗೂಡಿನಲ್ಲೇ ಇದೆ. ಅಲ್ಲಿ ಅದಕ್ಕೆ ದಿನವೂ ಹೂವು ಏರುತ್ತದೆ, ಮಾರುವ ಮಾತೇ ಇಲ್ಲ.

ಅಮ್ಮನ ಸರದಲ್ಲಿದ್ದ ಚಿನ್ನದ ಪವನು ನಾಣ್ಯವನ್ನು ಮಾತ್ರ ಜವೇರಿ ಬಜಾರಿಗೆ ಒಯ್ದು ಟಂಚ್, ಅಂದರೆ ಚಿನ್ನದ ಶುದ್ಧತೆಯ ಪರೀಕ್ಷೆ, ಮಾಡಿಸಿದೆ. 22 ಕ್ಯಾರೆಟ್, ಸರಿಯಾಗಿತ್ತು. ಇಸವಿ 1918. ಮಸೂರದಲ್ಲಿ ಕುದುರೆಯ ಕೆಳಗೆ ಇಸವಿಯ ಮೇಲುಗಡೆ ನೋಡಿದರೆ ಪುಟ್ಟದೊಂದು ‘ಐ’ ಅಕ್ಷರ! ಬ್ರಿಟನ್ನಿನ ಪವನು ಬಾಂಬೆಯಲ್ಲಿ ಅಚ್ಚಾದದ್ದು ಆ ಒಂದೇ ವರ್ಷ, ಸುಮಾರು 13 ಲಕ್ಷ. ಫೋರ್ಟಿನ ನಮ್ಮ ಟಂಕಸಾಲೆಯಲ್ಲಿ ಹುಟ್ಟಿ, ಅಜ್ಜಿಯ ಜೊತೆ ಕುಂದಾಪುರಕ್ಕೆ ಹೋಗಿ, ಅಮ್ಮನ ಕೊರಳಿನಲ್ಲಿ ಮತ್ತೆ ಮುಂಬೈಗೆ ಬಂದಿದೆ. ಕೊಂಡಿ ಬೆಸೆದಿದ್ದರಿಂದ ಸಂಗ್ರಹಕಾರರು ಅದಕ್ಕೆ ಚಿನ್ನದ ಬೆಲೆಯನ್ನಷ್ಟೇ ಕೊಡುತ್ತಾರೆ. ಕೊಂಡಿ ಇರಲಿ. ಅಮ್ಮ ಹಾಕಿಕೊಂಡದ್ದು ಅದರಿಂದಲೇ.

ದುಬೈನಲ್ಲಿರುವ ತಮ್ಮ ಒಂದೆರಡು ಹಳೆಯ ರೂಪಾಯಿ ಕಳಿಸು ಅಂದ. ಆಗಲ್ಲ ಅಂದೆ. ನೂರು ವರ್ಷ ದಾಟಿದ ನಾಣ್ಯ 1972ರ ಕಾಯ್ದೆ ಪ್ರಕಾರ ಪುರಾತನ ವಸ್ತು, ದೇಶದ ಹೊರಗೆ ಒಯ್ಯುವ ಹಾಗಿಲ್ಲ.

ಕೊನೆಯ ಶನಿವಾರ ಹಿರಿಯರು ಒಂದು ಸಣ್ಣ ತಾಮ್ರದ ನಾಣ್ಯ ತೆಗೆದು, “ಇದು ನಿಮ್ಮ ಕಡೆಯದು, ಓದಿ ಹೇಳಿ” ಅಂದರು. ಒಂದು ಬದಿ ಆನೆ. ತಿರುಗಿಸಿದೆ. ದಪ್ಪ ಗುಂಡಗಿನ ಅಕ್ಷರ. ‘ಮಯಿಲಿ ಕಾಸು ೨೦’. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ್ದು. ನಲವತ್ತು ವರ್ಷದ ವ್ಯಾಪಾರದಲ್ಲಿ ಅದನ್ನು ನೂರಾರು ಸಲ ಮಾರಿದ್ದೇನೆ, ಆನೆ ನೋಡಿ ಗುರುತು ಹಿಡಿಯುತ್ತೇನೆ, ಅಕ್ಷರ ಇವತ್ತೇ ಕೇಳಿದ್ದು ಅಂದರು. ನಾನು ಎರಡು ಸಲ ಓದಿದೆ. ಅವರು ಗುಜರಾತಿಯಲ್ಲಿ ಒಂದು ಚೀಟಿಯ ಮೇಲೆ ಬರೆದುಕೊಂಡು ನಾಣ್ಯದ ಜೊತೆ ಇಟ್ಟರು.

ಆ ಚೀಟಿ ನೋಡಿಯೇ ನನಗೆ ಹೊಳೆದದ್ದು. ಮನೆಗೆ ಬಂದು ಬಿಳಿ ಕಾಗದ ಕತ್ತರಿಸಿ 212 ಪುಟ್ಟ ಲಕೋಟೆ ಮಾಡಿದೆವು, ಮಗಳು ಮತ್ತು ನಾನು. ಪ್ರತಿಯೊಂದರ ಮೇಲೂ ಇಸವಿ, ಟಂಕಸಾಲೆ, ತೂಕ, ಯಾರಿಂದ ಬಂತು ಅಂತ ಗೊತ್ತಿದ್ದರೆ ಅದು. 1939 ಅಂತ ಕಾಣುವ ಆ ರೂಪಾಯಿಗೆ ಬೇರೆಯ ಲಕೋಟೆ, 213ನೆಯದು. ಅದರ ಮೇಲೆ ಕೆಂಪು ಪೆನ್ನಿನಲ್ಲಿ ಬರೆದೆ: ‘1938, ಬಾಂಬೆ. 11.65 ಗ್ರಾಂ. ಬೆಳ್ಳಿ ಸರಿಯಿದೆ. ಕೊನೆಯ ಅಂಕಿ ತಿದ್ದಿದ್ದು. 12,000ಕ್ಕೆ ಕೊಂಡದ್ದು. ಯಾರಿಗೂ 1939 ಅಂತ ಮಾರಬೇಡಿ.’